ಸಬ್‌ಮರೀನ್ ಮುಯ್ಯಿ

ಮನುಷ್ಯನಿಗೆ ಒಂದಾದರೂ ಹುಚ್ಚು ಇರಬೇಕು ಎನ್ನುತ್ತಾರೆ. ನನ್ನದು ಸಬ್‌ಮರೀನ್‌ಗಳ ಅಂಚೆ ಕವರು. ನೌಕಾಪಡೆಗೆ ಹೊಸ ಸಬ್‌ಮರೀನ್ ಸೇರಿದಾಗ ಅದರ ಚಿತ್ರ, ಅಂಚೆಚೀಟಿ, ಆ ದಿನದ ಮುದ್ರೆ ಹೊತ್ತು ಬರುವ ಲಕೋಟೆಗಳನ್ನು ಕೂಡಿಡುತ್ತೇನೆ. ತುಂಗೆಯಲ್ಲಿ ಮೊಣಕಾಲುದ್ದ ನೀರಿಗಿಳಿಯಲೂ ಹೆದರುವವನಿಗೆ ಇದು ಹೇಗೆ ಹತ್ತಿತೋ ಗೊತ್ತಿಲ್ಲ. ನಮ್ಮ ಶಿವಮೊಗ್ಗದಲ್ಲಿ ಕವರ್ ಎಂದರೆ ಪ್ಲಾಸ್ಟಿಕ್ ಚೀಲ. ನನ್ನ ಹವ್ಯಾಸದ ಸುದ್ದಿ ತಿಳಿದ ಕೋಟೆ ರಸ್ತೆಯ ಅಂಗಡಿಯವರೊಬ್ಬರು, "ನಮ್ಮತ್ರನೂ ಇದಾವೆ ಸಾರ್, ಕೆಜಿಗಟ್ಲೆ," ಎಂದು ನೆರವಿಗೆ ಬಂದಿದ್ದರು.

ಸಂಗ್ರಹಕಾರರ ಲೋಕದಲ್ಲಿ ಒಳಗೇನೂ ಇಲ್ಲದ ಕವರಿಗೇ ಮರ್ಯಾದೆ. ನನ್ನ ಬಳಿ ಅಂಥದೊಂದಿತ್ತು. ಸಬ್‌ಮರೀನಿನೊಳಗೆ ಕೂತು ಸಮುದ್ರದಡಿ ಸುತ್ತಿ ಬಂದದ್ದು, ಕಪ್ತಾನರ ಸಹಿ ಇದ್ದದ್ದು, ಬಾಯಿ ಅಂಟಿಸಿದ್ದು. ಭದ್ರಾವತಿಯಲ್ಲಿ ಹಳೆಯ ಸಹೋದ್ಯೋಗಿ ರುದ್ರಪ್ಪನವರ ಮಗಳ ಮದುವೆಯ ದಿನ ಬೆಳಿಗ್ಗೆ ಅದನ್ನು ಮನೆಯ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಮದುವೆಯಲ್ಲಿ ಎರಡೆರಡು ಹೋಳಿಗೆ ತಿಂದು ಮನೆಗೆ ಬಂದರೆ ಕವರು ನಾಪತ್ತೆ.

"ಅಂಟಿಸಿ ಇಟ್ಟಿದ್ರಲ್ಲ, ಮುಯ್ಯಿಗೆ ದುಡ್ಡು ಹಾಕಿದೀರಿ ಅಂದ್ಕೊಂಡೆ. ನಮ್ಮಿಬ್ಬರ ಹೆಸರೂ ಬರೆದು ಮದುವೆ ಹುಡುಗಿ ಕೈಗೆ ಕೊಟ್ಟೆ," ಎಂದಳು ಹೆಂಡತಿ. ಖಾಲಿ ಎಂದು ತಿಳಿದಾಗ ಅವಳ ಮುಖ ಬಿಳಿಚಿತು. "ನಾಳೆನೇ ಹೋಗಿ ದುಡ್ಡು ಕೊಟ್ಟು ಬನ್ನಿ. ಇನ್ನು ಅವರ ಮುಖ ಹೇಗೆ ನೋಡೋದು?" ಅವಳಿಗೆ ಮಾನದ ಚಿಂತೆ, ನನಗೆ ಕವರಿನ ಚಿಂತೆ.

ಮರುದಿನ ಬೇರೊಂದು ಕವರಿಗೆ ದುಡ್ಡು ಹಾಕಿಕೊಂಡು ಭದ್ರಾವತಿ ಬಸ್ಸು ಹತ್ತಿದೆ. ರುದ್ರಪ್ಪನವರು ಕಾಫಿ ಕೊಟ್ಟು, "ಮುಯ್ಯಿ ಏನು ಮಹಾ ಮಾರಾಯ್ರೆ, ನೀವು ಬಂದ್ರಲ್ಲ, ಅದೇ ಸಾಕು," ಎಂದರು. ಬಿಚ್ಚಿ ನೋಡಿದ್ದಾರೆ ಎಂದು ಅಷ್ಟರಲ್ಲೇ ತಿಳಿಯಿತು. ನಾಚಿಕೆ ಮುಚ್ಚಿಕೊಳ್ಳಲು, ಆ ಕವರು ಖಾಲಿ ಇದ್ದರೇ ಬೆಲೆ, ಅದು ಸಮುದ್ರದ ತಳ ಕಂಡು ಬಂದಿದೆ ಎಂದು ಅರ್ಧ ಗಂಟೆ ವಿವರಿಸಿದೆ. ಜ್ವರ ಬಂದವನ ಮಾತಿಗೆ ಹೂಂಗುಟ್ಟುವಂತೆ ಹೂಂಗುಟ್ಟಿದ ಅವರು ಕೊನೆಗೆ ಒಳಗಿನಿಂದ ಕವರು ತಂದುಕೊಟ್ಟರು. ಸಮುದ್ರದಡಿ ಏನೂ ಆಗದಿದ್ದದ್ದು ಭದ್ರಾವತಿಯಲ್ಲಿ ಬಾಯಿ ಹರಿದುಕೊಂಡಿತ್ತು. ಕಪ್ತಾನರ ಸಹಿಯ ಮೇಲೆಯೇ ನನ್ನ ಹೆಂಡತಿಯ ದುಂಡನೆಯ ಅಕ್ಷರದಲ್ಲಿ 'ಶುಭ ಹಾರೈಕೆಗಳು'. ಅಂಚೆ ಮುದ್ರೆ ಮಾತ್ರ ಸುರಕ್ಷಿತ. ಸಿಕ್ಕಿದ್ದೇ ಭಾಗ್ಯವೆಂದು ಎದೆಗವಚಿಕೊಂಡು ಸಿಕ್ಕ ಬಸ್ಸಿಗೆ ಓಡಿದೆ.

ಬಾಗಿಲಲ್ಲೇ ಕಾಯುತ್ತಿದ್ದ ಹೆಂಡತಿ, "ಕೊಟ್ರಾ?" ಎಂದಳು.

ಜೇಬು ಮುಟ್ಟಿಕೊಂಡೆ. ದುಡ್ಡಿನ ಕವರು ಅಲ್ಲೇ ಇತ್ತು.

ಅವಳು ನನ್ನ ಜೇಬು ನೋಡಿದಳು, ಕೈ ನೋಡಿದಳು. "ಕೊಟ್ಟಿದ್ದೇ ಖಾಲಿ ಕವರು. ಹೋಗಿ ಅದನ್ನೂ ವಾಪಸ್ ಇಸ್ಕೊಂಡು ಬಂದ್ರಾ?"