ಬಾಣದ ಜಾಗದಲ್ಲಿ ಕಾಗೆ

ಜಗತ್ತೆಲ್ಲ ಕಂಪ್ಯೂಟರಿನಲ್ಲಿ ಅದೇ ಬಡಕಲು ಬಿಳಿ ಬಾಣ ಹಿಡಿದು ಓಡಾಡಲಿ, ಈ ಅಮೋಗಸಿದ್ಧನ ಮನೆಯಲ್ಲಿ ಮಾತ್ರ ಅದು ನಡೆಯದು! ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಬಾಡಿಗೆ ಮನೆಯಲ್ಲಿ ನಾನು ಹೀಗೆಂದು ಘೋಷಿಸಿದೆ. ಬಾಣದ ಬದಲು ರೆಕ್ಕೆ ಬಡಿಯುವ ಗಿಳಿ! ರೆಕ್ಕೆ ಎತ್ತಿದ್ದು, ಇಳಿಸಿದ್ದು, ನಡುವಿನದು ಎಂದು ಒಂದೊಂದೇ ಚಿತ್ರ ಬರೆದು ಪೋಣಿಸಿದೆ. ಕಂಪ್ಯೂಟರ್ ತಡವರಿಸಿದಾಗ ಚಕ್ರ ತಿರುಗುತ್ತದಲ್ಲ, ಅದರ ಬದಲು ಗಿಳಿ ಕೊಕ್ಕಿನಿಂದ ಕುಟುಕುವ ಹಾಗೆ ಏರ್ಪಾಟು ಮಾಡಿದೆ. ಬ್ರಹ್ಮನಿಗೂ ಇಷ್ಟು ಹೆಮ್ಮೆಯಾಗಿರಲಿಕ್ಕಿಲ್ಲ!

ಹೆಂಡತಿ ಶುಭಾಂಗಿ ಇಣುಕಿದಳು.

"ಕಾಗಿ ಯಾಕ ಮಾಡೀರಿ?"

"ಗಿಳಿ ಅದು!"

"ಇಷ್ಟು ಕರ್ರಗ?"

ಅಷ್ಟು ಪುಟ್ಟ ಚಿತ್ರದಲ್ಲಿ ನನ್ನ ಹಸಿರೆಲ್ಲ ಮಸಿಯಾಗಿತ್ತು. ಅವಳು ನಕ್ಕು, "ಇರ್ಲಿ, ಅಪ್ಪಗ ತೋರ್ಸೂಣು" ಎಂದಳು.

ಮಾವ ಧೂಳಪ್ಪ ಅದನ್ನು ನೋಡಲಿಲ್ಲ. ಅದೇ ವಾರ ತಮ್ಮೂರು ಮೈಂದರ್ಗಿಯಲ್ಲಿ ಕುರಿ ಮೇಯಿಸಿ ಬಂದು ಮಲಗಿದವರು ಏಳಲೇ ಇಲ್ಲ. ಶುಭಾಂಗಿ ಅತ್ತದ್ದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಪಿಂಡದ ದಿನ ಮಾವನ ಮನೆಯ ಅಂಗಳದ ಕಟ್ಟೆಯ ಮೇಲೆ ಎಡೆ ಇಟ್ಟೆವು. ಫ್ರೇಮಿಗೆ ಕೊಟ್ಟ ಅವರ ಫೋಟೋ ಬಂದಿರಲಿಲ್ಲ. "ನಾ ಇದ್ದೀನಲ್ಲ!" ಎಂದು ನನ್ನ ಲ್ಯಾಪ್‌ಟಾಪನ್ನೇ ಮಣೆಯ ಮೇಲಿಟ್ಟೆ. ಪರದೆಯ ತುಂಬ ಮಾವ, ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಮುಂದೆ ಊಟದ ಗಂಗಾಳದಲ್ಲಿ ಜೋಳದ ಭಕ್ರಿ. ಯಾರೋ ಲ್ಯಾಪ್‌ಟಾಪಿಗೆ ದಪ್ಪನೆಯ ಹಾರವನ್ನೂ ಹಾಕಿದರು.

ಕಾಗೆಗಳು ಬೇವಿನ ಮೇಲೆ ಕೂತವು, ಇಳಿಯಲೊಲ್ಲವು. ಕಾಗೆ ಎಡೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ ಮನೆಯವರು ಮಾತು ಕೊಡಬೇಕು. ಅಲ್ಲಿಯವರೆಗೆ ತುತ್ತು ಮುಟ್ಟುವುದಿಲ್ಲವೆಂದು ಅತ್ತೆ ಸಕ್ಕುಬಾಯಿ ಹಟ ಹಿಡಿದರು. ಮುಂಜಾನೆಯಿಂದ ನೀರೂ ಕುಡಿದಿರಲಿಲ್ಲ. ಮಧ್ಯಾಹ್ನಕ್ಕೆ ಅವರು ಕಟ್ಟೆಗೆ ಒರಗಿ ಕೂತರು.

ಭಾವಮೈದುನ ಕೈಲಾಸ ಕೈಮುಗಿದ. "ಅಪ್ಪಾ, ಅವ್ವನ್ನ ಛಲೋ ನೋಡ್ಕೊಂತೀನಿ!"

ಕಾಗೆ ಅಲುಗಲಿಲ್ಲ.

"ಅಪ್ಪಾ, ಕುಡಿಯೂದು ಬಿಡ್ತೀನಿ!"

ಒಂದು ಕಾಗೆ ಅವನಿಗೆ ಬೆನ್ನು ತಿರುಗಿಸಿ ಕೂತಿತು.

"ಅಪ್ಪಾ, ಮ್ಯಾಲಿಂದ ಮ್ಯಾಲೆ ಬಂದು ಅವ್ವನ ಕೂಡ ಇರ್ತೀನೋ..." ಶುಭಾಂಗಿ ಸೆರಗೊಡ್ಡಿ ಬೇಡಿದಳು. ಅದಕ್ಕೂ ಕಾಗೆ ಇಳಿಯಲಿಲ್ಲ.

ಎಲ್ಲರೂ ಅಳಿಯನಾದ ನನ್ನ ಕಡೆ ನೋಡಿದರು. ಕುಡಿತ ಬಿಡುತ್ತೇನೆಂದರೂ ಬಾರದ ಕಾಗೆ ನನ್ನ ಮಾತಿಗೆ ಬಂದೀತೆ? ಧೈರ್ಯವಾಗಿ ಕೂಗಿದೆ: "ಮಾವಾರ, ನಿಮ್ಮ ಟಗರು ನಾ ಸಾಕ್ತೀನಿ!"

ಆ ಟಗರು ಮಾವನ ಕೈ ಬಿಟ್ಟರೆ ಬೇರೆಯವರ ಕೈಯಿಂದ ಮೇವು ತಿಂದದ್ದಿಲ್ಲ. ಮನೆಯಲ್ಲಿ ಅದರಿಂದ ಗುದ್ದಿಸಿಕೊಳ್ಳದವರೂ ಇಲ್ಲ.

ಅಷ್ಟರಲ್ಲಿ ಪರದೆ ಮಂಕಾಯಿತು. ಮಾವ ಮರೆಯಾಗಬಾರದೆಂದು ಮೆಲ್ಲಗೆ ಬೆರಳಾಡಿಸಿದೆ. ಮೇಲೆ ಬಿಸಿಲು, ಹಿಂದೆ ಉಸಿರು ಕಟ್ಟಿಸುವ ಹಾರ! ಕಾದ ಲ್ಯಾಪ್‌ಟಾಪ್ ತಡವರಿಸತೊಡಗಿತು. ನನ್ನ ಕರಿಹಕ್ಕಿ ಹಾರಿ ಬಂದು, ಮಾವನ ಗಂಗಾಳದ ಮೇಲಿಳಿದು, ಭಕ್ರಿಯನ್ನು ಟಕಟಕ ಕುಟುಕತೊಡಗಿತು!

"ಮುಟ್ಟಿತು! ಕಾಗಿ ಮುಟ್ಟಿತು!" ಹೆಂಗಸರೆಲ್ಲ ಗೊಳೋ ಎಂದರು.

ನಾನು ಮೆಲ್ಲಗೆ ಪಕ್ಕಕ್ಕೆ ಸರಿದೆ. ಅತ್ತೆಯ ಕಿವಿಯಲ್ಲಿ ಉಸುರಿದೆ. "ಅತ್ತೀ, ಇದು ಖರೇ ಕಾಗಿ ಅಲ್ಲರಿ. ನಾನೇ ಮಾಡಿದ್ದು."

"ಗೊತ್ತದ ಅಳ್ಯಾರ. ನನಗೇನು ಕಣ್ಣಿಲ್ಲೇನು?" ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಹೊಟ್ಟ್ಯಾಗ ಹುಟ್ಟಿದವರ ಮಾತಿಗಿ ಖರೇ ಕಾಗಿ ಬರ್ಲಿಲ್ಲ. ನಿಮ್ಮ ಮಾತಿಗಿ ನಿಮ್ಮ ಕಾಗಿನಾದ್ರೂ ಬಂತು. ಅವರು ಆ ರಾತ್ರಿ ಮಲಗೂ ಮುಂದನೂ ಟಗರಿಂದೇ ಚಿಂತಿ ಮಾಡಿದ್ರು."

ತಮಗೆಂದು ತಂದಿಟ್ಟಿದ್ದ ಭಕ್ರಿಯ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ಅಗಿದು ನುಂಗಿದರು. ನಂತರ ದನಿ ಎತ್ತಿ ಹೇಳಿದರು:

"ಕೈಲಾಸಾ, ಟಗರು ಬಿಚ್ಚು. ಅಳ್ಯಾರ ಗಾಡಿ ಹೊಂಡೂ ವ್ಯಾಳ್ಯಾ ಆತು."