ನಮ್ಮ ಅಜ್ಜನ ಕಾಲದ ಗಿಂಡಿ

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ದಿನಾ ಹೇಳುತ್ತೇನೆ. ಸಂಬಳ ಕೊಡುವುದೇ ಅದಕ್ಕೆ. ಆದರೆ ಸಂಜೆ ಮನೆಗೆ ಬಂದು, ಕಾಲು ತೊಳೆಯಲೆಂದು ಜಗಲಿಯ ಮೇಲಿನ ಮೂತಿಯಿರುವ ಹಿತ್ತಾಳೆ ಗಿಂಡಿಯನ್ನು ಎತ್ತಿದೊಡನೆ ನನಗೇ ಆ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ. ಈ ಗಿಂಡಿಯ ವಿಷಯದಲ್ಲಿ ನಾನು ನಿಜ ಹೇಳಿದ್ದೇನೆ. ಹೇಳಬೇಕಾದ ಜಾಗದಲ್ಲಿ, ಹೇಳಬೇಕಾದವರ ಎದುರಿಗೇ ಹೇಳಿದ್ದೇನೆ. ಮನಸ್ಸು ಹಗುರಾಗುವುದಿರಲಿ, ಅಂದಿನಿಂದ ನನಗೆ ಊರಿನಲ್ಲಿ ದೊಡ್ಡ ಮನುಷ್ಯ ಎಂಬ ಹೆಸರು ಬಂದಿದೆ. ಈ ಹೆಸರನ್ನು ಹೊತ್ತುಕೊಂಡು ತಿರುಗುವ ಕಷ್ಟ ಯಾರ ಹತ್ತಿರ ಹೇಳಿಕೊಳ್ಳಲಿ? ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು, "ಗಿಂಡಿ ಒಡೆದು ಹೋಗ್ತಾ? ಇಲ್ಲೆ. ನೀರು ಸೋರ್ತಾ? ಇಲ್ಲೆ. ಮತ್ತೆಂತ ನಿಂಗಕ್ಕೆ?" ಎನ್ನುತ್ತಾಳೆ. ಅದಕ್ಕೇ ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ಚೀನಾದ ಯುದ್ಧ ಮುಗಿದ ಹೊಸತು. ನಮ್ಮೂರೆಂದರೆ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸು ಚಹಾಕ್ಕೆ ನಿಲ್ಲುವ ಒಂದು ಪೇಟೆ. ಬಸ್ಸು ನಿಲ್ಲದಿದ್ದರೆ ಊರೇ ಇಲ್ಲ. ಆದರೂ ಆ ವರ್ಷ ನಮ್ಮಲ್ಲಿ ದೇಶಭಕ್ತಿಗೆ ಬರವಿರಲಿಲ್ಲ. ರಕ್ಷಣಾ ನಿಧಿಗೆ ನನ್ನ ಹೆಂಡತಿ ಮೂಗುಬೊಟ್ಟು ಬಿಚ್ಚಿಕೊಟ್ಟಳು. ಕೊಟ್ಟ ಮೇಲೆ ಬಹಳ ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಏಕೆಂದರೆ ಹೆಂಗಸರೆಲ್ಲ ಕೊಡಬೇಕೆಂದು ಸಭೆಯಲ್ಲಿ ಗಂಟಲು ಹರಿಯುವಂತೆ ಭಾಷಣ ಮಾಡಿದವ ನಾನೇ. ನನ್ನ ನಂತರ ಎದ್ದು ನಿಂತವರು ಸಾಹುಕಾರ ಚನ್ನಬಸಪ್ಪನವರು. ಬನವಾಸಿ ಕಡೆಯಿಂದ ಬಂದು ನಮ್ಮ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟು, ಅಂಗಡಿಗಿಂತ ದೊಡ್ಡವರಾಗಿ ಬೆಳೆದವರು. "ಜವಾನರು ನಮ್ಮ ಮನೀ ಮಕ್ಕಳಿದ್ದಾಂಗ್ರಿ. ಅವ್ರೇನರ ನಮ್ಮೂರಿಗೆ ಬಂದ್ರ ನನ್ನ ಪಡಸಾಲ್ಯಾಗ ಹಾಸಿಗಿ ಹಾಸಿ ಮಲಗಸ್ತೇನಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಅವರು ಬರುವುದಿಲ್ಲ ಎಂಬ ಧೈರ್ಯ ಎಲ್ಲರಿಗೂ ಇತ್ತು.

ದೂರದ ಬೆಟ್ಟ ನುಣ್ಣಗೆ. ಮಾರನೆಯ ವರ್ಷ ಬೆಟ್ಟ ಲಾರಿ ಹತ್ತಿ ನಮ್ಮೂರಿಗೇ ಬಂತು. ಪೇಟೆಯಾಚೆಯ ಗುಡ್ಡದಲ್ಲಿ ಗುಂಡು ಹೊಡೆಯುವ ಅಭ್ಯಾಸಕ್ಕೆಂದು ಒಂದು ತುಕಡಿ ಬಂದು ಡೇರೆ ಹಾಕಿತು. ಮೊದಲ ದಿನ ಹಾರ, ಪಾನಕ, ಆರತಿ ಎಲ್ಲ ಆಯಿತು. ಚನ್ನಬಸಪ್ಪನವರ ಪಡಸಾಲೆಗೆ ಅಂದೇ ಸುಣ್ಣ ಬಳಿಯಲು ಶುರುವಾದ್ದರಿಂದ ಅಲ್ಲಿ ಯಾರೂ ಮಲಗುವ ಹಾಗಿರಲಿಲ್ಲ. ಆ ಸುಣ್ಣ ತುಕಡಿ ಊರು ಬಿಡುವ ತನಕ ಒಣಗಲಿಲ್ಲ. ಬರಬರುತ್ತ ಸೈನಿಕರಿಗೆ ಮೆಣಸಿನ ಪುಡಿಯ ಬೆಲೆ ಒಂದು, ನಮಗೆ ಇನ್ನೊಂದು ಆಯಿತು. ಅವರ ಪುಡಿಯಲ್ಲಿ ಇಟ್ಟಿಗೆಯೂ ಇತ್ತು ಎಂದು ಅವರು ಹೇಳಿದರು. ನಮ್ಮ ಕೋಳಿಗಳು ಕಾಣೆಯಾಗುತ್ತಿವೆ ಎಂದು ನಾವು ಹೇಳಿದೆವು. ಹೆಂಗಸರು ಬಟ್ಟೆ ಒಗೆಯುವ ಕೆರೆಯಲ್ಲಿ ಅವರು ಲಂಗೋಟಿ ಕಟ್ಟಿಕೊಂಡು ಧುಮುಕುವುದನ್ನು ಊರ ಹಿರಿಯರು ಖಂಡಿಸಿದರು; ಖಂಡಿಸುವುದಕ್ಕೆ ಮುಂಚೆ ಖಾತ್ರಿ ಮಾಡಿಕೊಳ್ಳಲು ದಿನಾ ಹೋಗಿ ನೋಡಿಯೂ ಬಂದರು. ಹೀಗೆ, ಚೀನಾದ ಮೇಲಿನ ಸಿಟ್ಟಿನಲ್ಲಿ ಉಳಿದಿದ್ದಷ್ಟನ್ನೂ ನಾವು ನಮ್ಮ ಸೈನಿಕರ ಮೇಲೆ ತಿರುಗಿಸಿದೆವು.

ಇಷ್ಟರಲ್ಲಿ ಊರಿಗೆ ಹಿತ್ತಾಳೆಯ ಸುಗ್ಗಿ ಬಂತು. ಬಂದೂಕಿನಿಂದ ಗುಂಡು ಹಾರಿದ ಮೇಲೆ ಒಂದು ಖಾಲಿ ಕಾಡತೂಸು ಕೆಳಗೆ ಬೀಳುತ್ತದೆ, ಕಿರುಬೆರಳಿನಷ್ಟು ಉದ್ದದ ಒಳ್ಳೆಯ ಹಿತ್ತಾಳೆ. ಅದನ್ನು ಹೆಕ್ಕುವುದೂ ಸೈನಿಕರ ಕೆಲಸವೇ. ಆದರೆ ಆ ಗುಡ್ಡದಲ್ಲಿ ಕರಡದ ಹುಲ್ಲು ಮೊಣಕಾಲೆತ್ತರ, ಮೇಲಿಂದ ಉಣ್ಣಿಯ ಕಾಟ. ಅವರು ಹೆಕ್ಕಿದ್ದು ಅರ್ಧ, ಬಿಟ್ಟಿದ್ದು ಅರ್ಧ. ಬಿಟ್ಟಿದ್ದನ್ನು ಹೆಕ್ಕಿದವಳು ಬಾಗೂಬಾಯಿ. ಗೌಳಿಗರ ಹೆಂಗಸು, ನಮ್ಮ ಮನೆಗೆ ಹಾಲು ಕೊಡುವವಳು. ಅವಳ ಹಿರಿಯರ ಕಾಲದಿಂದ ಎಮ್ಮೆ ಮೇಯುತ್ತಿದ್ದುದು ಅದೇ ಗುಡ್ಡದಲ್ಲಿ. ಗುಂಡು ಹಾರಿಸುವ ಗುರುತಿನ ಕೆಂಪು ನಿಶಾನೆ ಏರಿದಾಗ ಕೆಳಗೆ ಕೂತಿರುವಳು, ಇಳಿದಾಗ ಎಮ್ಮೆ ಹೊಡೆದುಕೊಂಡು ಮೇಲೆ ಹೋಗುವಳು. ಸೆರಗಿನಲ್ಲಿ ಕಟ್ಟಿ ತಂದ ಕಾಡತೂಸನ್ನು ಚನ್ನಬಸಪ್ಪನವರು ತೆಗೆದುಕೊಂಡು ಬೆಲ್ಲ, ಹೊಗೆಸೊಪ್ಪು ಕೊಡುವರು. ಅಲ್ಲಿಂದ ಅದು ಕಂಚುಗಾರನ ಕುಲುಮೆಗೆ, ಕುಲುಮೆಯಿಂದ ಮನೆಮನೆಗೆ ಹೋಗುವುದು. ಯಾರ ಮನೆಯಲ್ಲಿ ನೋಡಿದರೂ ಹೊಸ ಸೌಟು, ಹೊಸ ದೀಪ, ಹೊಸ ತಂಬಿಗೆ. ಹಿತ್ತಾಳೆ ಎಲ್ಲಿಯದು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಕೇಳುವುದು ನಮ್ಮೂರಲ್ಲಿ ಮರ್ಯಾದೆಯಲ್ಲ.

ನನ್ನ ಹೆಂಡತಿ ಮಧ್ಯಸ್ಥರನ್ನೆಲ್ಲ ಬಿಟ್ಟು ನೇರವಾಗಿ ಬಾಗೂಬಾಯಿಯಿಂದಲೇ ಕಾಡತೂಸು ತೆಗೆದುಕೊಂಡು, ಒಂದು ಹಳೆ ಸೀರೆ ಕೊಟ್ಟು, ಈ ಗಿಂಡಿ ಮಾಡಿಸಿದಳು. "ಸರಕಾರಕ್ಕೆ ಮೂಗುಬೊಟ್ಟು ಕೊಟ್ಟಿದ್ದೆ, ಸರಕಾರ ಗಿಂಡಿ ಕೊಟ್ಟತು. ಸಮಾ ಆತು" ಎಂದಳು. ನಾನು ಅಂದೇ ಸಂಜೆ ಅದರ ನೀರಿನಲ್ಲೇ ಕಾಲು ತೊಳೆದೆ. ಚನ್ನಬಸಪ್ಪನವರು ಮಾತ್ರ ತಮ್ಮ ದೊಡ್ಡಸ್ತಿಕೆಗೆ ತಕ್ಕ ಹಾಗೆ ಊರ ದೇವಸ್ಥಾನಕ್ಕೊಂದು ದೊಡ್ಡ ಗಂಟೆ ಎರಕ ಹೊಯ್ಯಿಸಿ, ಅದರ ಮೇಲೆ ತಮ್ಮ ಹೆಸರು ಕೆತ್ತಿಸಿದರು. ಹೊಡೆದರೆ ಆ ಗಂಟೆ ನೆಗಡಿಯಾದವರು ಕೆಮ್ಮಿದಂತೆ ಸದ್ದು ಮಾಡುತ್ತಿತ್ತು. ಭಕ್ತಿ ಇದ್ದವರಿಗೆ ನಾದ ಕೇಳುತ್ತದೆ ಎಂದು ಅರ್ಚಕರು ಸಮಾಧಾನ ಹೇಳಿದರು.

ಒಂದು ದಿನ ತುಕಡಿಯ ಸುಬೇದಾರರು ಶಾಲೆಗೆ ಬಂದರು. ಊರಿನಲ್ಲಿ ಹಿಂದಿ ಬಲ್ಲವ ನಾನೊಬ್ಬನೇ. ನಾನು ಹಿಂದಿಯ ಪರೀಕ್ಷೆಗಳನ್ನೆಲ್ಲ ಪುಸ್ತಕದಿಂದಲೇ ಪಾಸು ಮಾಡಿದವ. ಬಾಯಿಂದ ಹಿಂದಿ ಬರುವುದನ್ನು ಅಲ್ಲಿಯ ತನಕ ಕೇಳಿದವನಲ್ಲ. ನನ್ನ ಮೊದಲ ವಾಕ್ಯ ಕೇಳಿದೊಡನೆ ಸುಬೇದಾರರು ಕೈಮುಗಿದರು, ಪುರೋಹಿತ ಎಂದುಕೊಂಡಿರಬೇಕು. ಅವರ ಕಷ್ಟ ಇಷ್ಟು: ಹಾರಿದ ಗುಂಡು ಎಲ್ಲಿ ಹೋಯಿತೆಂದು ಮೇಲಿನವರು ಕೇಳುವುದಿಲ್ಲ, ಆದರೆ ಖಾಲಿ ಕಾಡತೂಸು ವಾಪಸು ಕೊಡದಿದ್ದರೆ ಬಿಡುವುದಿಲ್ಲ. ತಪಾಸಣೆಗೆ ಸಾಹೇಬರು ಬರುವವರಿದ್ದಾರೆ. ಸುಬೇದಾರರು ಪಿಂಚಣಿಯ ಹೊಸ್ತಿಲಲ್ಲಿದ್ದರು. ದಪ್ಪ ಮೀಸೆಯ ಆ ಮನುಷ್ಯ, "ಮಾಸ್ಟರ್‌ಜೀ, ಚೀನಾದವರ ಎದುರು ನಿಂತು ಬಂದೆ. ಈಗ ನಿಮ್ಮೂರಿನ ಸೌಟುಗಳ ಎದುರು ಸೋಲುತ್ತಿದ್ದೇನೆ" ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತು. ಯಲ್ಲಾಪುರದಿಂದ ಬಂದ ಪೊಲೀಸ್ ಫೌಜದಾರರು ಮನೆಮನೆ ಶೋಧನೆಗೆ ಅಪ್ಪಣೆ ಕೊಟ್ಟು, ದುಭಾಷಿ ಕೆಲಸಕ್ಕೆ ನನ್ನನ್ನೇ ಮುಂದೆ ದೂಡಿದರು.

ಆ ಶೋಧನೆಯನ್ನು ಏನೆಂದು ಹೇಳಲಿ! ಹಿಂದೆ ಬೂಟು ಹಾಕಿದ ಸೈನಿಕರು, ಮುಂದೆ ಬರಿಗಾಲಿನ ನಾನು. ಪ್ರತಿ ಮನೆಯಲ್ಲೂ ಥಳಥಳ ಹೊಳೆಯುವ ಪಾತ್ರೆ ತೋರಿಸಿ ಇದೆಲ್ಲಿಯದು ಎಂದರೆ ಒಂದೇ ಉತ್ತರ: "ನಮ್ಮ ಅಜ್ಜನ ಕಾಲದ್ದು." ಕಂಚುಗಾರನ ಅರದ ಗೀರು ಇನ್ನೂ ಮಾಸಿರದ ದೀಪವೂ ಅಜ್ಜನ ಕಾಲದ್ದು. ಹಿಂದಿನ ವಾರ ಕೊಂಡ ಸೌಟೂ ಅಜ್ಜನ ಕಾಲದ್ದು. ಇಡೀ ಊರಿಗೆ ಒಬ್ಬನೇ ಅಜ್ಜ, ಅವನಿಗೆ ಹಿತ್ತಾಳೆ ಬಿಟ್ಟರೆ ಬೇರೆ ಆಸ್ತಿಯಿರಲಿಲ್ಲ ಎನ್ನಬೇಕು. ಸುಬೇದಾರರು ಇಂಥ ಪ್ರತಿ ಉತ್ತರಕ್ಕೂ ತಲೆ ತಗ್ಗಿಸಿ, "ಅಚ್ಛಾ, ದಾದಾಜಿ" ಎನ್ನುತ್ತಿದ್ದರು; ಹಿಂದಿಯಲ್ಲಿ ಅಜ್ಜನಿಗೆ ದಾದಾಜಿ. ಒಬ್ಬ ಸಿಪಾಯಿ ಮಡಿಕೊಡ ಮುಟ್ಟಿದನೆಂದು ಒಬ್ಬ ಅಜ್ಜಿ ಅವನ ತಲೆಯ ಮೇಲೆ ಸೆಗಣಿನೀರು ಸುರಿದಳು. ಅವನು ಸಿಟ್ಟಿಗೆದ್ದು ಕೊಡವನ್ನು ಬಾವಿಗೆ ಎಸೆದ. ಮರುದಿನ ಪೇಟೆಯಲ್ಲಿ ಹರತಾಳ ಆಯಿತು. ಸೈನಿಕರಿಗೆ ಉಪ್ಪು ಕೂಡ ಮಾರಕೂಡದೆಂದು ಚನ್ನಬಸಪ್ಪನವರು ಕಟ್ಟಾಜ್ಞೆ ಹೊರಡಿಸಿ, ತಾವೊಬ್ಬರೇ ಹಿತ್ತಲ ಬಾಗಿಲಿನಿಂದ ಮಾರಿದರು. ಸೈನ್ಯದ ಲಾರಿಯ ಗಾಳಿ ಯಾರೋ ಬಿಟ್ಟರು. ಅದಕ್ಕೆ ಉತ್ತರವಾಗಿ ಸೈನಿಕರು ಊರಿನ ಮದುವೆಯೊಂದರ ಮುಹೂರ್ತಕ್ಕೆ ಸರಿಯಾಗಿ ಗುಂಡು ಹಾರಿಸಲು ಶುರುಮಾಡಿ, ವಾಲಗದವರನ್ನು ಓಡಿಸಿದರು.

ಕೊನೆಗೆ ಶೋಧನೆ ದೇವಸ್ಥಾನಕ್ಕೆ ಬಂತು. ಊರೆಲ್ಲ ಕಲ್ಲು ಹಿಡಿದು ಅಂಗಳದಲ್ಲಿ ನಿಂತಿತ್ತು. ಸುಬೇದಾರರು ಬೂಟು ಬಿಚ್ಚಿ, ಕಾಲು ತೊಳೆದು ಒಳಗೆ ಬಂದರು, ಗಂಟೆ ಹೊಡೆದರು. ಗಂಟೆ ಕೆಮ್ಮಿತು. ತಲೆ ಎತ್ತಿ ಅದರ ಒಳಗೆ ನೋಡಿದರು. ಹಿಂದೆ ನಿಂತಿದ್ದ ನಾನೂ ನೋಡಿದೆ. ಒಳಬಾಯಿಯಲ್ಲಿ ಸರಿಯಾಗಿ ಕರಗದ ಒಂದು ಕಾಡತೂಸಿನ ದುಂಡನೆಯ ಬುಡ, ಸರಕಾರದ ಮುದ್ರೆಯ ಸಮೇತ, ಕಾಣುತ್ತಿತ್ತು. ಚನ್ನಬಸಪ್ಪನವರ ಹಣೆಯಲ್ಲಿ ವಿಭೂತಿ ಬೆವರಿಗೆ ಇಳಿಯತೊಡಗಿತು. ಸುಬೇದಾರರು ಬಹಳ ಹೊತ್ತು ಕೈಮುಗಿದು ನಿಂತಿದ್ದು, ತೀರ್ಥ ತೆಗೆದುಕೊಂಡು ಹೊರಗೆ ಬಂದರು. ದೇವರ ಮೇಲೆ, ಅದಕ್ಕಿಂತ ಹೆಚ್ಚಾಗಿ ದೇವರಿಗೆ ಗಂಟೆ ಕೊಟ್ಟವರ ಮೇಲೆ, ದಾವೆ ಹೂಡುವಷ್ಟು ಸರ್ವೀಸು ಅವರಿಗೆ ಉಳಿದಿರಲಿಲ್ಲ. ಆಗ ಚನ್ನಬಸಪ್ಪನವರು ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದು, "ಮಾಸ್ತರ್ರ, ಮನೀ ಮನೀ ಯಾಕ ತಿರಗತೀರಿ? ಆ ಗೌಳೇರ ಬಾಯಿ ಎಮ್ಮೀ ಕೊಳ್ಳಾಗ ಏನೈತಿ ನೋಡಂತ ಹೇಳ್ರಿ" ಎಂದರು. ನಾನು ಹಿಂದಿಯಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಅಷ್ಟು ಹಿಂದಿ ಚನ್ನಬಸಪ್ಪನವರಿಗೂ ಬರುತ್ತಿತ್ತು.

ಬಾಗೂಬಾಯಿ ಹೆಕ್ಕಿದ್ದರಲ್ಲಿ ಕೆಲವನ್ನು ತನಗೆಂದು ಉಳಿಸಿಕೊಂಡು, ದಾರಕ್ಕೆ ಪೋಣಿಸಿ, ತನ್ನ ಮುಂದಾಳು ಎಮ್ಮೆಯ ಕೊರಳಿಗೆ ಕಟ್ಟಿದ್ದಳು. ಎಮ್ಮೆ ನಡೆದರೆ ಕಿಣಿಕಿಣಿ ಎನ್ನುತ್ತಿತ್ತು. ದೇವಸ್ಥಾನದ ಗಂಟೆಗಿಂತ ಅದರ ನಾದವೇ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಪೇಟೆಯ ನಡುವೆಯೇ ಕಿಣಿಕಿಣಿ ಮಾಡುತ್ತ ಹೋಗುವ ಎಮ್ಮೆ! ಮುಚ್ಚಿಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕರಗಿಸಿಕೊಂಡವರೆಲ್ಲ ಅಜ್ಜಂದಿರ ಮೊಮ್ಮಕ್ಕಳಾದರು, ಕರಗಿಸದೆ ಇದ್ದವಳು ಕಳ್ಳಿಯಾದಳು. ಅವಳನ್ನು ನಮ್ಮ ಪೇಟೆಯ ಠಾಣೆಗೆ ಕರೆದೊಯ್ದರು. ಹಾಲು ಕರೆಯುವ ಆ ಎಮ್ಮೆಯನ್ನು ಸಾಕ್ಷಿಗೆ ಬೇಕೆಂದು ಕೊಂಡವಾಡೆಯಲ್ಲಿ, ಪುಂಡು ದನಗಳ ನಡುವೆ, ಕೂಡಿಹಾಕಿದರು.

ಠಾಣೆಯಲ್ಲಿ ಅವಳು ಅಳಲಿಲ್ಲ. "ಸಾಯೇಬ, ನಮ್ಮ ಗುಡ್ಡದಾಗ ನೀವು ಕಸಾ ಚೆಲ್ಲೀರಿ, ನಾ ಬಳದೇನಿ. ಬಳದಾಕಿ ಚೋರ್, ಚೆಲ್ಲಿದಾವ್ರು ಸರಕಾರಾ?" ಎಂದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ದುಕಾನ್ದಾಗ ಕೊಟ್ಟೇನಿ. ಈ ಮಾಸ್ತರನ ಮನೀ ಬಾಯಿಗೂ ಕೊಟ್ಟೇನಿ. ಕೇಳ್ರಿ ಬೇಕಾರ" ಎಂದಳು. ನಾನು ಅದನ್ನು ಒಂದಕ್ಷರ ಬಿಡದೆ ಸುಬೇದಾರರಿಗೆ ಹಿಂದಿಯಲ್ಲಿ ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಶುದ್ಧವಾದ ಹಿಂದಿಯನ್ನು ಮತ್ತೆ ಮಾತಾಡಿಲ್ಲ. ಫೌಜದಾರರು ಅವಳಿಗೆ, "ದೊಡ್ಡವರ ಹೆಸರು ತರ್ತೀಯಾ?" ಎಂದು ಗದರಿಸಿದರು.

ನನಗೆ ತಡೆಯಲಾಗಲಿಲ್ಲ. ನೇರವಾಗಿ ಮನೆಗೆ ಹೋಗಿ ಗಿಂಡಿಗೆ ಕೈಹಾಕಿದೆ. ಹೆಂಡತಿ ಅದರ ಮೂತಿ ಹಿಡಿದುಕೊಂಡಳು. "ಬ್ಯಾಡ, ತಗಂಡು ಹೋಗಡಿ. ಆನು ಕೊಡ್ತ್ನಿಲ್ಲೆ. ಊರಿಗೆಲ್ಲ ಬ್ಯಾಡದೇ ಇದ್ದ ಸತ್ಯ ನಿಂಗಕ್ಕೆ ಎಂತಕ್ಕೆ?" ಎಂದಳು. "ಬಾಗೂಬಾಯಿ ಠಾಣೇಲಿ ಕೂತಿದ್ದು" ಎಂದೆ. ಅವಳು ಕೈಬಿಟ್ಟಳು. "ಹಂಗಾರೆ ತಿಕ್ಕಿಕೊಡ್ತೆ, ತಡೀರಿ" ಎಂದು ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟಳು. ಶರಣಾಗತಿಗೆ ಹೋಗುವಾಗಲೂ ಪಾತ್ರೆ ಕೊಳಕಿರಬಾರದು ಎಂಬುದು ಅವಳ ಲೆಕ್ಕ.

ಠಾಣೆಯ ಮೇಜಿನ ಮೇಲೆ ಗಿಂಡಿ ಇಟ್ಟು ಹೇಳಿದೆ: ಇದು ಸರಕಾರದ ಕಾಡತೂಸಿನಿಂದಲೇ ಆದದ್ದು, ತೆಗೆದುಕೊಂಡವರು ನಾವು, ಅವಳನ್ನು ಹಿಡಿಯುವುದಾದರೆ ನನ್ನನ್ನೂ ಹಿಡಿಯಿರಿ. ಫೌಜದಾರರು ನಕ್ಕರು. ಎದ್ದು ಬಂದು ನನ್ನ ಬೆನ್ನು ತಟ್ಟಿದರು. "ಮಾಸ್ತರ್ರೇ, ಒಬ್ಬ ಬಡ ಹೆಂಗಸಿಗೋಸ್ಕರ ಇಲ್ಲದ ಕಳ್ಳತನ ಮೈಮೇಲೆ ಹಾಕಿಕೊಳ್ತೀರಲ್ಲ! ನಿಮ್ಮಂಥವರು ಇರೋದಕ್ಕೇ ಮಳೆಬೆಳೆ ಆಗ್ತಾ ಇದೆ" ಎಂದರು. ನಾನು ಸುಬೇದಾರರ ಮುಖ ನೋಡಿದೆ. ಅವರಿಗೆ ನಿಜ ಗೊತ್ತಿತ್ತು. ಅವರು ಗಿಂಡಿಯನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ನೋಡಿ ನನ್ನ ಕೈಗಿಟ್ಟರು. "ಮಾಸ್ಟರ್‌ಜೀ, ಗಿಂಡಿಯನ್ನು ಸಾಹೇಬರಿಗೆ ತೋರಿಸಿ ಕಾಡತೂಸು ಅನ್ನಲಾಗುವುದಿಲ್ಲ. ನನಗೆ ಕಾಡತೂಸಿನ ಹಾಗೆ ಕಾಣುವ ಕಾಡತೂಸು ಬೇಕು. ಇದು ನಿಮ್ಮ ಅಜ್ಜನ ಕಾಲದ್ದು" ಎಂದರು. ನನ್ನ ಅಜ್ಜ ಹೆಗಡೆಕಟ್ಟಾದಲ್ಲಿ ಅಡಕೆ ಹಾಳೆಯ ದೊನ್ನೆಯಲ್ಲಿ ನೀರು ಕುಡಿದು ಕಾಲ ಕಳೆದವ. ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಬಾಗೂಬಾಯಿ ನನ್ನನ್ನೂ ಗಿಂಡಿಯನ್ನೂ ನೋಡಿ, ಮುಖ ಆಚೆ ತಿರುಗಿಸಿದಳು. ನಾವೆಲ್ಲ ಸೇರಿ ಆಡುತ್ತಿರುವ ಆಟ ಎಂದುಕೊಂಡಳೋ ಏನೋ. ಹಾಗೆ ಅಂದುಕೊಂಡಿದ್ದರೆ ತಪ್ಪೇನಿಲ್ಲ.

ಎಮ್ಮೆಯ ಕೊರಳಿನ ಸರ ಕತ್ತರಿಸಿ ಸಾಹೇಬರಿಗೆ ತೋರಿಸಿದರು. ಉಳಿದದ್ದನ್ನು ಆ ಹೆಂಗಸು ಕಣಿವೆಗೆ ಎಸೆದಳೆಂದು ಬರೆದುಕೊಂಡರು. ಸುಬೇದಾರರ ಪಿಂಚಣಿ ಉಳಿಯಿತು. ಮಳೆಗಾಲಕ್ಕೆ ಮುಂಚೆ ತುಕಡಿ ಹೋಯಿತು, ಹೋಗುವಾಗ ನಾವು ಮತ್ತೆ ಹಾರ ಹಾಕಿದೆವು. ಬಾಗೂಬಾಯಿಯನ್ನು ಎಚ್ಚರಿಕೆ ಕೊಟ್ಟು ಬಿಟ್ಟರು, ಆದರೆ ಗುಡ್ಡ ಹತ್ತಕೂಡದೆಂದು ಕಟ್ಟುಮಾಡಿದರು. ಕೊಂಡವಾಡೆಯಲ್ಲಿ ಕರೆಯುವವರಿಲ್ಲದೆ ಎಮ್ಮೆಯ ಕೆಚ್ಚಲು ಬಾತು, ಹಾಲು ಬತ್ತಿತ್ತು. ಅವಳು ಉಳಿದ ಎಮ್ಮೆಗಳನ್ನು ಹೊಡೆದುಕೊಂಡು, ಕೊನೆಯ ಸಲದ ಹಾಲೂ ಕೊಡದೆ, ಯಾವ ಕಡೆಗೋ ಹೊರಟುಹೋದಳು. ನಾನು ಆ ದಿನ ಅವಳ ಹಿಂದೆ ಹೋಗಿ ಏನಾದರೂ ಹೇಳಬೇಕಿತ್ತು. ಯಾವ ಭಾಷೆಯಲ್ಲಿ ಹೇಳುವುದೆಂದು ತಿಳಿಯಲಿಲ್ಲ. ಇತ್ತ ಊರಿನವರು ಸಭೆ ಸೇರಿಸಿ ನನಗೆ ಶಾಲು ಹೊದೆಸಿದರು. ಪರರಿಗಾಗಿ ಅಪವಾದ ಹೊತ್ತವನೆಂದು ಚನ್ನಬಸಪ್ಪನವರೇ ಹೊಗಳಿ ಮಾತಾಡಿದರು. ಅವರ ಗಂಟೆ ಈಗಲೂ ಕೆಮ್ಮುತ್ತಿದೆ.

ಆಮೇಲೆ ಕೆಲವು ಕಾಲ ನಾನು ಬಂದವರಿಗೆಲ್ಲ ಇದು ಸೈನ್ಯದ ಕಾಡತೂಸಿನ ಗಿಂಡಿ ಎಂದು ಹೇಳಿನೋಡಿದೆ. ಮಾಸ್ತರ್ರು ತಮಾಷೆಯ ಮನುಷ್ಯ ಎಂದು ನಕ್ಕು, ಅದೇ ನೀರಿನಲ್ಲಿ ಕಾಲು ತೊಳೆದು ಊಟಕ್ಕೆ ಕೂತರು. ಈಗ ನನಗೂ ಸಾಕಾಗಿದೆ. ಮೊನ್ನೆ ಸಿದ್ದಾಪುರದಿಂದ ಬಂದ ನೆಂಟರು ಗಿಂಡಿ ಎತ್ತಿ ಹಿಡಿದು, "ಈಗ ಇಂಥದ್ದು ಸಿಕ್ತಿಲ್ಲೆ ಬಿಡು. ಯಾವ ಕಾಲದ್ದಾ ಇದು?" ಎಂದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು, ಹೆಂಡತಿ ಕಿವಿಗೊಟ್ಟಿದ್ದಳು. "ನಮ್ಮ ಅಜ್ಜನ ಕಾಲದ್ದು" ಎಂದೆ. ಈ ಗಿಂಡಿಯ ಬಗ್ಗೆ ಇಷ್ಟು ವರ್ಷಗಳಲ್ಲಿ ನಾನು ಆಡಿದ ಮಾತುಗಳಲ್ಲಿ, ಕೇಳಿದವರು ಮರುಮಾತಿಲ್ಲದೆ ನಂಬಿದ್ದು ಅದೊಂದನ್ನೇ.