ತವರಿಗೆ ಬಂದ ಗುದ್ದಲಿ

ಗುದ್ದಲಿ ಬೇಕಾದ ದಿನವೇ ಗುದ್ದಲಿ ಮನೆಯಲ್ಲಿರಲಿಲ್ಲ. ಹಾರೆ, ಸಲಿಕೆಗಳೂ ಇರಲಿಲ್ಲ. ಹಿತ್ತಲ ಕೋಣೆಯ ಗೋಡೆಯಲ್ಲಿ ಅವನ್ನು ತೂಗುಹಾಕುವ ಮೊಳೆಗಳು ಮಾತ್ರ ಹಲ್ಲು ಕಿರಿದು ನಿಂತಿದ್ದವು.

ಆ ಬೀದಿಯಲ್ಲಿ ಯಾರೂ ಇಂಥ ಸಾಮಾನು ಕೊಳ್ಳುತ್ತಿರಲಿಲ್ಲ. ದರ್ಜಿಯ ಮನೆ ಇರುವಾಗ ಕೊಳ್ಳುವ ದರ್ದಾದರೂ ಯಾರಿಗೆ? ಅವನ ಅಪ್ಪ ಜೀವಮಾನವೆಲ್ಲ ಜೋಪಾನ ಮಾಡಿದ ಸಲಕರಣೆ ಅಲ್ಲಿತ್ತು. ಕೇಳಿದವರಿಗೆ ಇಲ್ಲವೆನ್ನಲು ಬಾರದ ಮಗನೂ ಇದ್ದ. ಕೊಡುವುದು ಅವನಿಗೆ ಸಲೀಸು. ವಾಪಸು ಕೇಳಬೇಕೆಂದರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಇವತ್ತು ಕೇಳದೆ ಗತಿಯಿರಲಿಲ್ಲ. ಬೀದಿಯ ಕೊನೆಗೆ, ಪುರಸಭೆ ಸರದಿಯ ಪ್ರಕಾರ ಹಂಚಿಕೊಟ್ಟ ತೋಟದ ತುಂಡುಗಳಿದ್ದವು. ದರ್ಜಿಯ ತುಂಡು ಅಪ್ಪನ ಕಾಲದಿಂದ ಬಂದದ್ದು. ಅಲ್ಲಿ ಗುಲಾಬಿ ಬೆಳೆಯುವುದು ಅವನ ಬದುಕಿನ ದೊಡ್ಡ ಸುಖ. ಆದರೆ ಹೊಸ ಹಂಗಾಮಿನ ಮೊದಲ ದಿನ ಸೂರ್ಯ ಮುಳುಗುವುದರೊಳಗೆ ನೆಲ ಅಗೆಯದಿದ್ದರೆ, ಮೇಲ್ವಿಚಾರಕರು ಅದನ್ನು ಕಿತ್ತುಕೊಂಡು, ತೋಟಕ್ಕಾಗಿ ಕಾಯುತ್ತಿರುವವರಿಗೆ ಕೊಟ್ಟುಬಿಡುವರು. ಆ ಮೊದಲ ದಿನ ಇವತ್ತೇ.

"ಮನೆಮನೆಗೆ ಹೋಗಿ ಕೇಳ್ರೀ. ನಿಮ್ಮ ವಸ್ತು ನೀವು ಕೇಳೋಕೆ ಏನ್ರೀ ನಾಚಿಕೆ?" ಎಂದಳು ಹೆಂಡತಿ.

"ಕೇಳಿದ್ರೆ ಬೇಜಾರು ಮಾಡ್ಕೋತಾರೆ ಕಣೇ. ಬರೀತೀನಿ."

ಹೆಂಡತಿ ಹಣೆ ಚಚ್ಚಿಕೊಂಡಳು. ಬರವಣಿಗೆ ಅವನ ಇನ್ನೊಂದು ಚಟ. ಅಂಗಡಿಯ ಮುಂದಿನ ಕರಿಹಲಗೆಯಲ್ಲಿ 'ಪ್ಯಾಂಟು ರೆಡಿ ಇದೆ' ಎಂದು ಬರೆಯಬೇಕಾದಾಗಲೂ 'ನಿಮ್ಮ ಕಾಲುಗಳಿಗೆ ಹೊಸ ಮನೆ ಸಿದ್ಧವಾಗಿದೆ' ಎಂದು ಬರೆಯುವ ಜಾತಿ. ಬೀದಿಯವರು ಅವನಿಗೆ 'ಉಪಮೆ' ಎಂದೇ ಹೆಸರಿಟ್ಟಿದ್ದರು.

ಬಟ್ಟೆಗೆ ಗೀಟು ಹಾಕುವ ಸೀಮೆಸುಣ್ಣದಿಂದಲೇ ಅವನು ಬರೆದ: 'ಗುದ್ದಲಿ ನಮ್ಮನೆಯ ಹೆಣ್ಣುಮಗಳು. ಕೊಟ್ಟ ಮನೆಯಲ್ಲಿ ತಲೆ ಬಗ್ಗಿಸಿ ದುಡಿದು ಸವೆದು, ತವರಿನ ದಾರಿ ಕಾಯುತ್ತಿದ್ದಾಳೆ. ಹಾರೆ ನಮ್ಮ ಹಿರಿಯಣ್ಣ. ಬಂಡೆಗೂ ಬಗ್ಗದ ಅವನು ಯಾರದೋ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ ಹಿಡಿದು ನಿಂತಿದ್ದಾನೆ. ಸಲಿಕೆ ನಮ್ಮಪ್ಪನ ಮೂರನೆಯ ಕೈ. ಇವರು ಹದ ಮಾಡಿದ ಮಣ್ಣಿನ ಬೆಳೆ ಉಂಡವರು ನಾವೆಲ್ಲ. ಆ ಋಣ ನೆನೆದು ಇವರನ್ನು ಮನೆಗೆ ಕಳಿಸಿಕೊಡಿ.'

ಬರೆದದ್ದನ್ನು ತಾನೇ ಎರಡು ಸಲ ಓದಿಕೊಂಡು ತಲೆದೂಗಿದ. ಒಳಗೆ ಹೋಗಿ ಒಂದು ಗುಂಡಿ ಹೊಲಿಯುವಷ್ಟರಲ್ಲಿ, ಇಸ್ತ್ರಿ ಅಂಗಡಿಯವನು ಹಾರೆಯನ್ನು ಎರಡೂ ತೋಳಲ್ಲಿ ಹೊತ್ತು ಬಂದ. ಎಣ್ಣೆ ಹಚ್ಚಿ ಒರೆಸಿದ್ದ. ಕಣ್ಣು ಕೆಂಪಾಗಿತ್ತು.

"ತಪ್ಪಾಯ್ತು ಟೈಲರಣ್ಣ. ಹಿರಿಯಣ್ಣನ ಕೈಲಿ ಹಗ್ಗ ಹಿಡಿಸಿದ್ದೆ. ನಮ್ಮನೆ ಪಾಯಕ್ಕೆ ಅಡ್ಡ ಬಂದ ಕಲ್ಲು ಎತ್ತಿಕೊಟ್ಟವನು ಇವನೇ ಅಲ್ವಾ?" ಎಂದು ಕೂತವನು ಆ ಕಲ್ಲಿನ ಕತೆಯನ್ನು ಮೊದಲಿನಿಂದ ಹೇಳಿದ. ಬೇಕರಿಯವನು ಸಲಿಕೆ ತಂದ. ಅವನಿಗೆ ಅದಕ್ಕಿಂತ ಉದ್ದದ ಕತೆಯಿತ್ತು. ಕೊನೆಗೆ ಎದುರುಮನೆ ಅಜ್ಜಿ ಗುದ್ದಲಿಯನ್ನು ತಮ್ಮ ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿ, ಮಗುವಿನಂತೆ ಎತ್ತಿಕೊಂಡು ಬಂದರು. "ತಗೋಪ್ಪಾ ನಿನ್ನ ತಂಗಿನ. ನಮ್ಮನೇಲಿ ಒಂದು ದಿನ ಕೂತವಳಲ್ಲ, ಪುಣ್ಯಾತ್ಗಿತ್ತಿ."

ದರ್ಜಿಗೆ ಸುಳ್ಳಲ್ಲ, ನಿಜಕ್ಕೂ ಅಳು ಬಂತು. ಅಪ್ಪನ ಹಿಡಿತಕ್ಕೆ ನುಣುಪಾದ ಸಲಿಕೆಯ ಕಾವನ್ನು ಸವರಿದ. ಇಂಥ ಅಪ್ಪನೂ ಇಂಥ ನೆರೆಹೊರೆಯವರೂ ಸಿಕ್ಕಿದ್ದು ತನ್ನ ಭಾಗ್ಯವೆಂದು ಬಾಯಿಬಿಟ್ಟೇ ಹೇಳಿದ. ಹೇಳಿ, ಹೊತ್ತು ನೋಡಿದ. ಸೂರ್ಯ ನೆತ್ತಿ ದಾಟಿದ್ದ. ಸರಕ್ಕನೆ ಗುದ್ದಲಿಯನ್ನು ಹೆಗಲಿಗೇರಿಸಿದ.

"ಎಲ್ಲಿಗಪ್ಪಾ?" ಅಜ್ಜಿ ಕೇಳಿದರು.

"ತೋಟಕ್ಕೆ ಅಜ್ಜಿ. ಅಗೆಯೋಕೆ."

ಅಜ್ಜಿ ಅವನ ದಾರಿಗೆ ಅಡ್ಡ ಬಂದರು. "ತವರಿಗೆ ಬಂದ ಹೆಣ್ಣುಮಗಳನ್ನ ಬಂದ ಗಳಿಗೆಗೇ ಕೆಲಸಕ್ಕೆ ಹಚ್ತೀಯಾ?"

"ಅಜ್ಜೀ, ಅದು ಗುದ್ದಲಿ!"

"ಬೆಳಗ್ಗೆ ಹೆಣ್ಣುಮಗಳಾಗಿದ್ದಳು, ಮಧ್ಯಾಹ್ನಕ್ಕೆ ಗುದ್ದಲಿ ಆದಳಾ?"

ದರ್ಜಿ ಗುದ್ದಲಿ ಕೆಳಗಿಟ್ಟ. ಹಾರೆಗೆ ಕೈ ಹಾಕಿದ. "ಬೇಡಣ್ಣ, ನಿಂತು ನಿಂತು ಸಾಕಾಗಿ ಈಗ ಮಲಗಿದ್ದಾನೆ," ಎಂದು ಇಸ್ತ್ರಿಯವನು ಅಡ್ಡ ನಿಂತ. ಸಲಿಕೆ ಎತ್ತಲು ಹೋದರೆ ಬೇಕರಿಯವನು ಕಿರುಚಿದ: "ಮೂರನೇ ಕೈಲಿ ಬಿರುಕಿತ್ತು, ಬಡಗಿ ಹತ್ರ ಅಂಟು ಹಾಕಿಸಿ ಕಟ್ಟು ಕಟ್ಟಿಸಿದೀನಿ. ನಾಳೆವರೆಗೂ ಅಲ್ಲಾಡಿಸಬಾರದಂತೆ!"

ದರ್ಜಿ ಇನ್ನೊಂದು ಉಪಾಯ ಹೂಡಿದ. ಗುದ್ದಲಿಗೆ ಗಿರಾಕಿಯೊಬ್ಬರ ಅರ್ಧ ಹೊಲಿದ ಕೋಟು ಹೊದಿಸಿ, ಬಗಲಲ್ಲಿಟ್ಟುಕೊಂಡು ಹಿಂಬಾಗಿಲಿನಿಂದ ಜಾರಿದ. ಮೂಲೆ ತಿರುಗುವಷ್ಟರಲ್ಲಿ ಅಜ್ಜಿ ಎದುರಾದರು. ಕೋಟಿನ ಕೆಳಗೆ ಕಾವು ಇಣುಕುತ್ತಿತ್ತು.

"ನೋಡ್ರೋ ಇವನ ಅಂತಃಕರಣ! ತಂಗಿಗೆ ಬಿಸಿಲು ತಾಗಬಾರದೂಂತ ಕೋಟು ಹೊದಿಸಿದಾನೆ," ಎಂದು ಅಜ್ಜಿ ಕಣ್ಣೊರೆಸಿಕೊಂಡು, ಗುದ್ದಲಿಯನ್ನು ಕೋಟಿನ ಸಮೇತ ಇಸಿದುಕೊಂಡು, ಒಳಗೆ ಕರೆದೊಯ್ದು ಮಲಗಿಸಿದರು.

ಉಳಿದದ್ದು ಬಟ್ಟೆ ಕತ್ತರಿಸುವ ಕತ್ತರಿ. ಅದರ ಬಗ್ಗೆ ಸದ್ಯ ಏನೂ ಬರೆದಿರಲಿಲ್ಲ. ಅದನ್ನೇ ಹಿಡಿದು ತೋಟಕ್ಕೆ ಓಡಿದ. ಮಂಡಿಯೂರಿ ಕುಕ್ಕಿದ, ಕೆರೆದ, ಬೆವರಿದ. ಹೊತ್ತು ಮುಳುಗುವ ವೇಳೆಗೆ ಕತ್ತರಿಯ ತುದಿ ಮುರಿದಿತ್ತು, ನೆಲ ಮಾತ್ರ ಕೋಳಿ ಕೆದರಿದಷ್ಟು ಕದಲಿತ್ತು.

ಮೇಲ್ವಿಚಾರಕರು ಬಂದರು. ಹಿಂದೆ ಅರ್ಧ ಬೀದಿಯೇ ಬಂತು.

"ನಿಮ್ಮ ಬೋರ್ಡು ಓದಿದೆ. ಕಣ್ಣು ತುಂಬಿ ಬಂತು," ಎಂದರು ಅವರು. ದರ್ಜಿಯ ಮುಖ ಅರಳಿತು. "ಆದರೆ ಅಗೆದಿಲ್ಲವಲ್ಲ. ನಾನೇನೂ ಮಾಡೋ ಹಾಗಿಲ್ಲ." ಮುಖ ಮತ್ತೆ ಬಾಡಿತು. ಅವರು ಜನರತ್ತ ತಿರುಗಿದರು. "ತೋಟಕ್ಕೆ ಕಾಯ್ತಾ ಇರೋರಲ್ಲಿ ಮೊದಲನೆಯವರು ಮುಂದೆ ಬನ್ನಿ."

ಗುಂಪು ಸರಿದು ದಾರಿ ಬಿಟ್ಟಿತು. ಮುಂದೆ ಬಂದವಳು ದರ್ಜಿಯ ಹೆಂಡತಿ. ಹೆಗಲ ಮೇಲೆ ಹೊಚ್ಚ ಹೊಸ ಗುದ್ದಲಿ.

"ನೀನಾ?"

"ಮತ್ತಿನ್ಯಾರು? ನಿಮ್ಮನ್ನ ಅರ್ಥ ಮಾಡ್ಕೊಂಡ ದಿನವೇ ಹೆಸರು ಕೊಟ್ಟಿದ್ದೆ. ಮಾವನವರ ತೋಟ ಬೇರೆಯವರ ಪಾಲಾಗೋಕೆ ಬಿಡ್ತೀನಾ?"

"ಹೊಸ ಗುದ್ದಲಿ ಮನೇಲೇ ಇತ್ತೇನೇ?"

"ಅಟ್ಟದ ಮೇಲಿತ್ತು. ಕೆಳಗಿಟ್ಟಿದ್ರೆ ಅದನ್ನೂ ಯಾರಿಗಾದ್ರೂ ಕೊಟ್ಟಿರ್ತಿದ್ರಿ."

ದರ್ಜಿಗೆ ಹೋದ ಜೀವ ಬಂದಂತಾಯಿತು. ಅಪ್ಪನ ನೆಲ ಮನೆಯಲ್ಲೇ ಉಳಿಯಿತು! ಎಲ್ಲರೆದುರು ಕೈ ಮುಗಿದ. "ನಿನ್ನ ಉಪಕಾರ ಹೇಗೆ ತೀರಿಸಲೇ? ನೀನು ನನ್ನ ಪಾಲಿಗೆ..."

"ಹೋಲಿಸಬೇಡಿ," ಎಂದಳು ಅವಳು, ಗುದ್ದಲಿಯನ್ನು ಅವನ ಕೈಗಿಟ್ಟು. "ಇನ್ಮೇಲೆ ಇದು ನನ್ನ ತೋಟ. ಗುಲಾಬಿ ಇಲ್ಲ, ಆಲೂಗಡ್ಡೆ. ಬೆಳಕಿರೋವಾಗಲೇ ಶುರು ಮಾಡಿ, ಅಗೀರಿ."

ದರ್ಜಿ ಬೊಬ್ಬೆಯೆದ್ದ ಅಂಗೈಗಳನ್ನು ಅಜ್ಜಿಯ ಮುಂದೆ ಹಿಡಿದ. "ಅಜ್ಜೀ, ನನಗೂ ಸುಸ್ತಾಗಿದೆ. ಇವಳಿಗೆ ಸ್ವಲ್ಪ ಹೇಳಿ."

ಅಜ್ಜಿ ಅಂಗೈಗಳನ್ನು ನೋಡಿದರು. ಅವನ ಮುಖವನ್ನೂ ನೋಡಿದರು.

"ನಿನ್ನ ವಿಷಯ ಬೋರ್ಡಲ್ಲಿ ಏನೂ ಬರೆದಿರಲಿಲ್ಲವಲ್ಲಪ್ಪಾ," ಎಂದರು.